ಜೊಂಡಿನ ಬಾಗಿಲಿನಾಚೆ ಸಿಂಹಿಣಿ

ನನ್ನ ಅತ್ತೆ ಮಖನಾನಿ ಹನ್ನೊಂದು ವರ್ಷದಿಂದ ನಮ್ಮ ಸಫಾರಿ ಲಾಡ್ಜಿನಲ್ಲಿ ಗುಡಿಸಿ ಒರೆಸುವ ಕೆಲಸದಲ್ಲಿದ್ದರು. ನಾನು ಜಾಡು ಹಿಡಿಯುವುದನ್ನು ಕಲಿಯಲು ಅಲ್ಲಿಗೆ ಸೇರಿ ಆಗಿನ್ನೂ ಏಳು ತಿಂಗಳು. ಜೀಪಿನ ಮೂತಿಗೆ ಬೆಸೆದ ಪುಟ್ಟ ಕುರ್ಚಿಯಲ್ಲಿ ಕೂತು, ನೆಲ ನೋಡುತ್ತಾ, ಯಾವ ಪ್ರಾಣಿ ಯಾವಾಗ ಎತ್ತ ಹೋಯಿತೆಂದು ಹೇಳಿ, ಹಿಂದೆ ಕೂತ ಅತಿಥಿಗಳಿಗೆ ಅದನ್ನು ತೋರಿಸಿಕೊಡಬೇಕು. ನಮ್ಮ ಖಾಸಗಿ ಕಾಡಿನಲ್ಲಿ ಆ ಕುರ್ಚಿ ಹತ್ತಿದ ಮೊದಲ ಹೆಂಗಸು ನಾನು. ಅತ್ತೆಗೆ ಅದು ಸುತರಾಂ ಇಷ್ಟವಿರಲಿಲ್ಲ. ನನ್ನ ಗಂಡ ಗೆಜಾನಿ ಗಣಿಯಲ್ಲಿ ದುಡಿಯುತ್ತಿದ್ದ, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ಅವನು ಬಂದಾಗಲೆಲ್ಲ ಅತ್ತೆ ಅದೇ ಮಾತು ತೆಗೆಯುತ್ತಿದ್ದರು. ಸೊಸೆಯಾದವಳು ಗಂಡಸರ ಮುಂದೆ ಜೀಪಿನ ಮೇಲೆ ಕಾಲು ಇಳಿಬಿಟ್ಟು ಕೂರುವುದೆಂದರೇನು, ಮಕ್ಕಳನ್ನು ಹೆರಬೇಕಾದ ವಯಸ್ಸಿನಲ್ಲಿ ಸಿಂಹದ ಹಿಂದೆ ಅಲೆಯುವುದೆಂದರೇನು ಎಂದು. ನನ್ನ ಹೆಸರು ಮಿಹ್ಲೋಟಿ. ಅವರು ಎಂದೂ ಹಾಗೆ ಕರೆದವರಲ್ಲ. 'ನ್ವಾ-ಮಬುಂಡ' ಎನ್ನುತ್ತಿದ್ದರು, ಮಬುಂಡನ ಮಗಳೇ ಎಂದು. ನಮ್ಮಲ್ಲಿ ಅದು ಗೌರವದ ಕರೆಯೇ. ಆದರೆ ಅವರ ಬಾಯಲ್ಲಿ ಅದು, ನೀನಿನ್ನೂ ನಮ್ಮ ಮನೆಯವಳಾಗಿಲ್ಲ ಎಂದಂತೆ ಕೇಳುತ್ತಿತ್ತು.

ಅಕ್ಟೋಬರಿನ ಒಂದು ಬೆಳಗ್ಗೆ, ಹತ್ತೂವರೆ ಇರಬಹುದು, ಗುಡಿಸುವ ಕೆಲಸಕ್ಕೆ ಅತ್ತೆಯನ್ನು ನ್ಕಾಯಾ ಹೊಂಡಕ್ಕೆ ಕರೆದುಕೊಂಡು ಹೋಗುವಂತೆ ಮ್ಯಾನೇಜರು ನನಗೆ ಹೇಳಿದರು. ಆ ಹೊಂಡದ ದಡದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಕೋಣೆಯನ್ನು ನೆಲದೊಳಗೆ ಹೂತಿದ್ದಾರೆ. ಅದರ ಮುಂಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಉದ್ದನೆಯ ಕಿಂಡಿ, ಕಿಂಡಿಗೆ ಸರಳುಗಳು. ಒಳಗೆ ಕೂತರೆ ನೀರು ಕುಡಿಯುವ ಪ್ರಾಣಿಯ ಮೂತಿ ನಮ್ಮ ಮೂತಿಗೇ ಎದುರಾಗುತ್ತದೆ. ಫೋಟೋ ತೆಗೆಯುವವರಿಗೆ ಅದೆಂದರೆ ಪ್ರಾಣ. ನಾವು ಕೆಲಸದವರು ಅದನ್ನು ಗುಂಡಿಮನೆ ಎನ್ನುತ್ತೇವೆ. ಹಿಂಬದಿಯಲ್ಲಿ ಹನ್ನೆರಡು ಹೆಜ್ಜೆಯಷ್ಟು ಉದ್ದದ ಇಳಿಜಾರು ಓಣಿ, ಮೇಲೆ ಹುಲ್ಲಿನ ಸೂರು. ಓಣಿಯ ಕೊನೆಯಲ್ಲಿ ಕೋಣೆಗೆ ಒಂದು ಜೊಂಡಿನ ಬಾಗಿಲು. ಕೋತಿಗಳು ಒಳಗೆ ಬರದಿರಲಿ ಎಂದು ಅತ್ತೆಯೇ ಅದನ್ನು ಹೆಣೆದು, ಹಳೆಯ ಟೈರಿನ ನಾಲ್ಕು ಪಟ್ಟಿಗಳಿಂದ ಚೌಕಟ್ಟಿಗೆ ಕೀಲಿನಂತೆ ಕಟ್ಟಿದ್ದರು.

ದಡ ಕುಸಿಯುತ್ತದೆಂದು ಗಾಡಿಯನ್ನು ಹತ್ತಿರ ತರುವ ಹಾಗಿಲ್ಲ. ನೂರೈವತ್ತು ಹೆಜ್ಜೆ ದೂರದ ಮರುಲಾ ಮರದಡಿ ಪಿಕಪ್ಪು ನಿಲ್ಲಿಸಿದೆ. ಯಾರೇ ಗಾಡಿಯಿಂದ ಇಳಿದರೂ ಮೊದಲು ನೆಲ ನೋಡಬೇಕು ಎನ್ನುವುದು ನಿಯಮ. ನಾನು ನೋಡಿದೆ. ಓಣಿಯ ಬಾಯಲ್ಲಿ ಸಿಂಹಿಣಿಯ ಹೆಜ್ಜೆಗಳಿದ್ದವು. ಒಂಟಿ ಸಿಂಹಿಣಿ, ಒಳಗೆ ಹೋಗಿ ಹೊರಗೆ ಬಂದಿದ್ದಳು. ಹೆಜ್ಜೆಯ ಅಂಚು ಉದುರಿತ್ತು, ಅದರ ಮೇಲೆ ರಾತ್ರಿ ಓಡಾಡುವ ಹುಳುವೊಂದು ಹರಿದ ಗೆರೆಯಿತ್ತು. ನಿನ್ನೆ ರಾತ್ರಿಯದು ಅಂದೆ. ಅಲ್ಲೇ ಇನ್ನೊಂದಿಷ್ಟು ಹೊತ್ತು ಕೂತು ನೋಡಬೇಕೆನಿಸಿತು. ಆದರೆ ಅತ್ತೆ ಬಕೆಟ್ಟು ಹಿಡಿದು ಬಿಸಿಲಲ್ಲಿ ನಿಂತಿದ್ದರು.

"ನೆಲ ಓದಿದ್ದಾಯ್ತಾ, ಇಲ್ಲ ಪರೀಕ್ಷೆ ಬರೀತೀಯಾ?" ಅಂದರು. "ಮಧ್ಯಾಹ್ನಕ್ಕೆ ಇನ್ನೂ ಆರು ರೂಮು ಬಾಕಿ ಇವೆ ಕಣೇ."

ನನಗೆ ರೇಗಿತು. ಅವರಿಗಿಂತ ಮುಂದೆ ಓಣಿ ಇಳಿದೆ. ಕೈಯಲ್ಲಿ ಹಿಡಿಯುವ ರೇಡಿಯೋ ಪಿಕಪ್ಪಿನ ಸೀಟಿನ ಮೇಲೆಯೇ ಉಳಿದದ್ದು ಆ ರೇಗಿನಲ್ಲಿ ಗಮನಕ್ಕೆ ಬರಲಿಲ್ಲ. ಕೋಣೆಯ ಒಳಹೊಕ್ಕ ಮೇಲೆ ಅದು ನೆನಪಾಯಿತು. ಹೋಗಿ ತರುತ್ತೇನೆ ಎಂದರೆ ಇನ್ನೊಂದು ಮಾತು ಕೇಳಬೇಕಾಗುತ್ತದೆಂದು ಸುಮ್ಮನಾದೆ.

ಅತ್ತೆ ಹಳೇ ಚಾಕುವಿನಿಂದ ಬೆಂಚಿಗೆ ಅಂಟಿದ ಬಾವಲಿ ಹಿಕ್ಕೆ ಕೆರೆಯುತ್ತಿದ್ದರು. ನಾನು ಕಿಂಡಿಯಿಂದ ಹೊಂಡ ನೋಡುತ್ತಿದ್ದೆ. ಆಚೆ ದಡದಲ್ಲಿ ಏಳೆಂಟು ಇಂಪಾಲಾ ಜಿಂಕೆಗಳು ನೀರು ಕುಡಿಯುತ್ತಿದ್ದವು. ಅವೆಲ್ಲ ಒಮ್ಮೆಲೇ ತಲೆಯೆತ್ತಿ ನಮ್ಮ ಕಡೆಗೆ ನೋಡಿದವು. ನಮ್ಮನ್ನಲ್ಲ, ನಮ್ಮ ತಲೆಯ ಮೇಲಕ್ಕೆ. ಮರುಕ್ಷಣ ಒಂದು ಗಂಡು ಸೀನಿದಂತೆ ಸದ್ದು ಮಾಡಿತು, ದಡ ಖಾಲಿಯಾಯಿತು.

ನಾನು ಅತ್ತೆಯ ಕೈ ಹಿಡಿದು ಕೆರೆಯುವುದನ್ನು ನಿಲ್ಲಿಸಿದೆ. ಓಣಿಯಲ್ಲಿ ಏನೋ ಇಳಿಯುತ್ತಿತ್ತು. ಹೆಜ್ಜೆಯ ಸದ್ದಿಲ್ಲ, ಉಸಿರಿನ ಸದ್ದು. ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಮೂಗಿನಿಂದ ಬಿಡುವ ಉಸಿರು. ಅದು ಬಾಗಿಲವರೆಗೂ ಬಂತು. ಜೊಂಡಿನ ಸಂದುಗಳಲ್ಲಿ ಬರುತ್ತಿದ್ದ ಬೆಳಕು ಕೆಳಗಿನಿಂದ ಮೇಲಿನವರೆಗೆ ಆರಿಹೋಯಿತು. ಹಸಿ ಮಾಂಸ ಮತ್ತು ಹಾಲು ಸೇರಿದಂಥ ವಾಸನೆ ಒಳಗೆ ತುಂಬಿಕೊಂಡಿತು. ಆಮೇಲೆ ಬೆಕ್ಕಿನ ಮರಿಯದಂಥ, ಆದರೆ ಅದಕ್ಕಿಂತ ಒರಟಾದ ಒಂದು ಕೂಗು ಬಾಗಿಲ ಬುಡದಲ್ಲೇ ಕೇಳಿಸಿತು.

ನನಗೆ ಆಗ ಅರ್ಥವಾಯಿತು. ಹೆಜ್ಜೆ ಎಷ್ಟು ಹಳೆಯದೆಂದು ನಾನು ಸರಿಯಾಗಿಯೇ ಓದಿದ್ದೆ. ಒಂಟಿ ಸಿಂಹಿಣಿ ರಾತ್ರಿ ಹೊತ್ತು ಈ ಓಣಿಯೊಳಗೆ ಹೋಗಿ ಬಂದದ್ದು ಏಕೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಅವಳು ಮನೆ ನೋಡಲು ಬಂದಿದ್ದಳು. ಹೊಳೆಯ ಬಂಡೆಗಳ ನಡುವೆ ಒಂದು ಸಿಂಹಿಣಿ ಈದಿದ್ದಾಳೆಂದು ನಾವೆಲ್ಲ ಕೇಳಿದ್ದೆವು, ಆ ಮರಿಗಳನ್ನು ಈಗ ಒಂದೊಂದಾಗಿ ಇಲ್ಲಿಗೆ ಸಾಗಿಸುತ್ತಿದ್ದಳು.

ಅವಳು ಮರಿಯನ್ನು ನೆಕ್ಕುವ ಸದ್ದು ಕೇಳುತ್ತಿತ್ತು, ಒರಟು ಗೋಡೆಗೆ ಬ್ರಷ್ಷು ಉಜ್ಜಿದ ಹಾಗೆ. ಅತ್ತೆಯ ಚಾಕು ನಡುಗುತ್ತಾ ಬೆಂಚಿಗೆ ತಗುಲಿ ಕಟಕಟ ಎನ್ನುತ್ತಿತ್ತು. ನಾನು ಅವರ ಕೈಯ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ನಮ್ಮ ಮೈಯ ವಾಸನೆ, ಬಕೆಟ್ಟಿನ ಸೋಪಿನ ವಾಸನೆ ಅವಳಿಗೆ ಸಿಗದಿರಲು ಒಂದೇ ಕಾರಣ. ಗಾಳಿ ಓಣಿಯಿಂದ ಒಳಗೆ ಬಂದು ಕಿಂಡಿಯಿಂದ ಹೊಂಡದ ಕಡೆಗೆ ಹೋಗುತ್ತಿತ್ತು. ಗಾಳಿ ತಿರುಗಿದರೆ ಏನೆಂದು ಯೋಚಿಸಲು ನನ್ನಿಂದಾಗಲಿಲ್ಲ. ಕೊನೆಗೆ ಸಂದುಗಳಲ್ಲಿ ಬೆಳಕು ಮರಳಿತು. ಅವಳು ಹೋದಳು. ಮರಿ ಉಳಿಯಿತು.

ಅತ್ತೆ ನನ್ನ ಕಿವಿಗೆ ಬಾಯಿಟ್ಟು, ಎಷ್ಟು ಮರಿ ಇವೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಎರಡಿರಬಹುದು, ನಾಲ್ಕಿರಬಹುದು. ಈದ ಮೇಲೆ ಅವಳನ್ನು ಯಾರೂ ಕಂಡಿರಲಿಲ್ಲ. ನಾವು ಈಗಲೇ ಹೊರಟುಬಿಡೋಣ ಎಂದರು. ನಾನು ಬಾಗಿಲಿನತ್ತ ಬೆರಳು ತೋರಿಸಿದೆ. ಬಾಗಿಲು ತೆರೆಯುವುದು ಓಣಿಯ ಕಡೆಗೆ. ಮರಿ ಅದಕ್ಕೇ ಒರಗಿ ಮಲಗಿತ್ತು. ತಳ್ಳಿದರೆ ಕಿರುಚುತ್ತದೆ, ಕಿರುಚಿದರೆ ತಾಯಿ ಎಲ್ಲಿದ್ದರೂ ಓಡಿಬರುತ್ತಾಳೆ.

ನಾನು ಮೊಬೈಲು ತೆಗೆದು ನೋಡಿದೆ. ಸಿಗ್ನಲ್ ಅಲ್ಲಿ ಎಂದೂ ಇರಲಿಲ್ಲ, ಗಂಟೆ ಮಾತ್ರ ಕಾಣುತ್ತಿತ್ತು. ಅವಳು ಎರಡನೇ ಮರಿಯೊಂದಿಗೆ ಬಂದಾಗ ಹದಿನಾಲ್ಕು ನಿಮಿಷವಾಗಿತ್ತು. ಮತ್ತೆ ಬೆಳಕು ಆರಿತು, ಮತ್ತೆ ಅದೇ ವಾಸನೆ. ಈ ಸಲ ಅವಳು ಬಾಗಿಲಿಗೆ ಮೈಯುಜ್ಜಿದಳು. ಇಡೀ ಬಾಗಿಲು ಒಳಕ್ಕೆ ಉಬ್ಬಿ ಕಿರ್ ಎಂದಿತು. ಹಿಡಿಯಷ್ಟು ದಪ್ಪದ ಜೊಂಡು, ನಾಲ್ಕು ಟೈರಿನ ಪಟ್ಟಿ. ನಮ್ಮ ಮತ್ತು ಅವಳ ನಡುವೆ ಇದ್ದದ್ದು ಅಷ್ಟೇ. ನನ್ನ ಚಡ್ಡಿ ಒದ್ದೆಯಾಗಿದೆ ಎಂದು ತಿಳಿದದ್ದು ಅವಳು ಹೋದ ಮೇಲೆ. ಅತ್ತೆ ಅದನ್ನು ನೋಡಿಯೂ ನೋಡದಂತೆ, ಒರೆಸುವ ಬಟ್ಟೆಯನ್ನು ನನ್ನ ಕಡೆ ಸರಿಸಿದರು.

ಆಮೇಲೆ ಅವರು ಬಾಗಿಲ ಬಳಿ ಮಂಡಿಯೂರಿ ಕೂತು ಪಟ್ಟಿಗಳನ್ನು ಮುಟ್ಟಿ ನೋಡಿದರು. ಗಂಟು ಹಾಕಿದ್ದು ಒಳಬದಿಗೆ. ನಾಲ್ಕನ್ನೂ ಕೊಯ್ದರೆ ಬಾಗಿಲನ್ನು ತಳ್ಳಬೇಕಾಗಿಲ್ಲ, ಎತ್ತಿ ನಮ್ಮ ಕಡೆಗೆ ಎಳೆದುಕೊಳ್ಳಬಹುದು, ಮರಿಗಳು ಅಲುಗುವುದಿಲ್ಲ ಎಂದು ಪಿಸುಗುಟ್ಟಿದರು. ನನಗೆ ಅದು ಹೊಳೆದೇ ಇರಲಿಲ್ಲ. ಆದರೆ ಕೊಯ್ದ ಮೇಲೆ ಅವಳು ಬಂದುಬಿಟ್ಟರೆ ಬಾಗಿಲು ಎನ್ನುವುದೇ ಇರುವುದಿಲ್ಲವಲ್ಲ ಎಂದೆ.

"ಈಗಿರೋದು ಬಾಗಿಲು ಅಂದ್ಕೊಂಡಿದ್ದೀಯಾ?" ಎಂದರು ಅತ್ತೆ. "ಹೆಣೆದವಳು ನಾನು. ಇದು ಕೋತಿಗೆ ಸಾಕು, ಅಷ್ಟೇ."

ಟೈರಿನೊಳಗೆ ತಂತಿಯಿರುತ್ತದೆ, ಬೇಗ ಕೊಯ್ಯಲಾಗುವುದಿಲ್ಲ. ಹಿಕ್ಕೆ ಕೆರೆದು ಮೊಂಡಾಗಿದ್ದ ಚಾಕುವಿನಿಂದ ಅವರು ಗೀರತೊಡಗಿದರು. ನಾನು ಗಂಟೆ ನೋಡುತ್ತಿದ್ದೆ. ಹತ್ತು ನಿಮಿಷಕ್ಕೆ ಮೇಲಿನ ಎರಡು ಪಟ್ಟಿಗಳು ಬಿಟ್ಟವು. ಹನ್ನೆರಡಕ್ಕೆ ಮೂರನೆಯದು. ನಾನು ಅವರ ಭುಜ ತಟ್ಟಿ ನಿಲ್ಲಿಸಿದೆ. ಹದಿಮೂರನೇ ನಿಮಿಷಕ್ಕೇ ಅವಳು ಬಂದಳು.

ಬಾಗಿಲು ಈಗ ಒಂದೇ ಪಟ್ಟಿಯಲ್ಲಿ ನೇತಾಡುತ್ತಿತ್ತು. ಅತ್ತೆ ನೆಲದ ಮೇಲೆ ಕೂತು, ಎರಡೂ ಅಂಗಾಲುಗಳನ್ನು ಬಾಗಿಲಿಗೆ ಒತ್ತಿ, ಬೆನ್ನನ್ನು ಬೆಂಚಿಗೆ ಆನಿಸಿ ಹಿಡಿದರು. ಮೂರನೆಯ ಮರಿಯನ್ನು ಕೆಳಗಿಟ್ಟ ಅವಳು ಕೊಯ್ದ ಪಟ್ಟಿಯ ಹತ್ತಿರ ಮೂಗು ತಂದಳು. ಸಂದಿನಲ್ಲಿ ಕಪ್ಪು ತೇವದ ಮೂಗು ನನಗೆ ಸ್ಪಷ್ಟವಾಗಿ ಕಂಡಿತು. ಅದು ಅಗಲವಾಯಿತು, ಕಿರಿದಾಯಿತು. ಅವಳ ಗಂಟಲಿನಲ್ಲಿ ಗುರುಗುಟ್ಟುವಿಕೆ ಶುರುವಾಗಿ ಕಬ್ಬಿಣದ ಗೋಡೆಗಳೆಲ್ಲ ನಡುಗಿದವು. ಅತ್ತೆ ಕಣ್ಣು ಮುಚ್ಚಿ ತುಟಿ ಕಚ್ಚಿದ್ದರು, ತುಟಿಯಿಂದ ರಕ್ತ ಗಲ್ಲಕ್ಕಿಳಿಯುತ್ತಿತ್ತು. ಕಾಲು ಮಾತ್ರ ಅಲುಗಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ, ಗಂಟೆ ನೋಡುವುದನ್ನು ಮರೆತಿದ್ದೆ. ಮರಿಯೊಂದು ಅತ್ತಿತು. ಗುರುಗುಟ್ಟುವುದು ನಿಂತಿತು. ಅವಳು ಮಲಗಿದ ಸದ್ದು, ಮರಿಗಳು ಚಪ್ಪರಿಸುವ ಸದ್ದು.

ಇಷ್ಟೇ ಮರಿಗಳೆಂದಾದರೆ ಅವಳಿನ್ನು ಸಂಜೆಯವರೆಗೂ ಏಳುವುದಿಲ್ಲ. ಸಂಜೆ ಅತಿಥಿಗಳು ನಗುತ್ತಾ ಇದೇ ಓಣಿ ಇಳಿದು ಬರುತ್ತಾರೆ. ಅದೂ ನನ್ನ ತಲೆಯಲ್ಲಿ ಸುಳಿಯಿತು.

ಅರ್ಧ ಗಂಟೆಯಾದ ಮೇಲೆ ಅವಳು ಎದ್ದಳು. ಆಮೇಲೆ ಸದ್ದೇ ಇಲ್ಲ. ಹೋದಳೇ, ಓಣಿಯ ಬಾಯಲ್ಲೇ ನಿಂತಿದ್ದಾಳೆಯೇ ತಿಳಿಯಲಿಲ್ಲ. ನಾನು ಬಾಗಿಲಿನ ಕಡೆಗೇ ನೋಡುತ್ತಿದ್ದೆ. ಅತ್ತೆ ನನ್ನ ತೋಳು ಹಿಂಡಿದರು. ತಿರುಗಿದೆ. ಸಿಂಹಿಣಿ ಕಿಂಡಿಯ ಹೊರಗಿದ್ದಳು. ಸುತ್ತು ಹಾಕಿ ಬಂದು, ನಮ್ಮಿಂದ ಎರಡು ಮಾರು ದೂರದಲ್ಲಿ ನೀರಿಗೆ ಬಾಯಿಟ್ಟಿದ್ದಳು. ನಾವು ಕತ್ತಲಲ್ಲಿ, ಅವಳು ಬಿಸಿಲಲ್ಲಿ. ನಾಲಿಗೆ ನೀರನ್ನು ಎತ್ತುವುದು, ಗಲ್ಲದಿಂದ ಹನಿ ತೊಟ್ಟಿಕ್ಕುವುದು, ಮೂಗಿನ ಮೇಲಿನ ಹಳೆಯ ಗಾಯ ಎಲ್ಲವೂ ಕಾಣುತ್ತಿತ್ತು. ಈಗ ಗಾಳಿ ನಮ್ಮಿಂದ ಅವಳ ಕಡೆಗೆ. ಅವಳು ಕುಡಿಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಆ ಹಳದಿ ಕಣ್ಣುಗಳು ಸರಳುಗಳ ನಡುವೆ ನನ್ನ ಮೇಲೆ ನಿಂತವು. ಇದೇ ಕಿಂಡಿಯಿಂದ ಇಂಥ ನೋಟವೊಂದು ಸಿಗಲೆಂದು ಜನ ಸಮುದ್ರ ದಾಟಿ ಬರುತ್ತಾರೆ.

ಅವಳು ಮುಖ ತಿರುಗಿಸಿ ದಡ ಹತ್ತಿದಳು. ಕಿಂಡಿಯ ಅಂಚಿನಿಂದಾಚೆ ಮರೆಯಾದಳು.

"ಎಲ್ಲಾ ಬಂದಿಲ್ಲ," ಎಂದರು ಅತ್ತೆ. "ಎಲ್ಲಾ ಬಂದಿದ್ರೆ ತಾಯಿ ಆದವಳು ನಿದ್ದೆ ಮಾಡ್ತಾಳೆ. ನಾನು ಐದು ಹೆತ್ತಿದ್ದೀನಿ, ನಂಗೊತ್ತು. ಇನ್ನೊಂದಿದೆ ಅಲ್ಲಿ."

ನಾನೂ ಅದನ್ನೇ ನೋಡಿದ್ದೆ. ನೀರು ಕುಡಿಯುವಾಗ ಅವಳ ಒಂದು ಕಿವಿ ಉದ್ದಕ್ಕೂ ಹೊಳೆಯ ಕಡೆಗೆ ತಿರುಗಿತ್ತು. ಆದರೂ ಅದು ಊಹೆ. ತಪ್ಪಾದರೆ ಅವಳು ಓಣಿಯ ಬಾಯಲ್ಲೇ ಎದುರಾಗುತ್ತಾಳೆ. ಒಮ್ಮೆ ತಪ್ಪಿದವಳು ನಾನು. ಅತ್ತೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು.

"ನೀನು ಹೇಳು, ಮಿಹ್ಲೋಟಿ. ಓದೋಕೆ ಕಲಿತವಳು ನೀನು. ಹೋಗೋಣ ಅಂದ್ರೆ ಬರ್ತೀನಿ. ಬೇಡ ಅಂದ್ರೆ ಇಲ್ಲೇ ಕೂತ್ಕೋತೀನಿ."

ಹೋಗೋಣ ಎಂದೆ.

ಕೊನೆಯ ಪಟ್ಟಿ ಕೊಯ್ದು ಬಾಗಿಲನ್ನು ಎತ್ತಿ ಒಳಗೆಳೆದೆವು. ಮೂರು ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು, ಮೈತುಂಬ ಚುಕ್ಕೆ, ಕಣ್ಣು ನೀಲಿ. ಓಣಿ ಇಕ್ಕಟ್ಟು, ಅವುಗಳನ್ನು ದಾಟಿಯೇ ಹೋಗಬೇಕು. ನಾನು ಗೋಡೆ ಹಿಡಿದು ದಾಟಿದೆ. ಅತ್ತೆ ದಪ್ಪ ಹೆಂಗಸು, ಮೇಲಾಗಿ ಅಂಗಿಯ ಮೇಲೆ ನಮ್ಮ ಹೆಂಗಸರು ಉಡುವ ಉದ್ದನೆಯ ಹೊದಿಕೆ ಉಟ್ಟಿದ್ದರು. ಅವರು ಕಾಲೆತ್ತಿದಾಗ ಒಂದು ಮರಿ ಫೂ ಎಂದು ಉಗಿದು, ಹೊದಿಕೆಯ ಅಂಚಿಗೆ ಉಗುರು ಹಾಕಿತು. ಎಳೆದರೆ ಮರಿಯೂ ಜೊತೆಗೆ ಬರುತ್ತಿತ್ತು. ಅದು ಅಳಲು ಬಾಯಿ ತೆರೆಯಿತು. ಅತ್ತೆ ಹೆಗಲ ಮೇಲಿನ ಗಂಟು ಬಿಚ್ಚಿ ಹೊದಿಕೆಯನ್ನು ಹಾಗೇ ಅದರ ಮೇಲೆ ಜಾರಿಬಿಟ್ಟು, ಒಳಲಂಗದಲ್ಲಿ ದಾಟಿ ಬಂದರು. ಬಟ್ಟೆಯ ಕೆಳಗೆ ಮರಿ ಸುಮ್ಮನಾಯಿತು.

ಓಣಿಯ ಬಾಯಲ್ಲಿ ಯಾರೂ ಇರಲಿಲ್ಲ. ಹೊಸ ಹೆಜ್ಜೆಗಳು ಹೊಳೆಯ ಕಡೆಗೆ ಹೋಗಿದ್ದವು. ಓಡಬೇಡಿ ಎಂದು ಅತ್ತೆಗೆ ಹೇಳಿ ಕೈ ಹಿಡಿದುಕೊಂಡೆ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ನೂರೈವತ್ತು ಹೆಜ್ಜೆ. ನಾನು ಒಂದೊಂದನ್ನೂ ಎಣಿಸಿದೆ. ಎಂಬತ್ತರ ಹತ್ತಿರ ಬಂದಿದ್ದೆವು, ಎಡಕ್ಕೆ ಒಣಹುಲ್ಲಿನ ಮೇಲೆ ಅವಳ ತಲೆ ಕಾಣಿಸಿತು. ಬಾಯಲ್ಲಿ ನಾಲ್ಕನೆಯ ಮರಿ ತೂಗುತ್ತಿತ್ತು.

ಅವಳು ನಿಂತಳು. ನಾವೂ ನಿಂತೆವು. ಬಾಯಲ್ಲಿ ಮರಿ ಇರುವತನಕ ಅವಳು ಮೇಲೆ ಬೀಳಲಾರಳು ಎನ್ನುವುದು ನನಗೆ ಗೊತ್ತಿತ್ತು. ಅವಳು ಮರಿಯನ್ನು ಕೆಳಗಿಟ್ಟಳು.

ಬಾಲ ಎರಡು ಸಲ ನೆಟ್ಟಗೆ ಮೇಲೆದ್ದಿತು. ಆಮೇಲೆ ಬಂದಳು. ಅದನ್ನು ಓಟ ಎನ್ನಲಾಗದು, ನೆಲವೇ ಅವಳನ್ನು ನಮ್ಮತ್ತ ಎಸೆದಂತಿತ್ತು. ಓಡಬೇಡಿ, ಓಡಬೇಡಿ ಎಂದು ನಾನು ಕೂಗುತ್ತಿದ್ದೆ, ಅತ್ತೆಗೋ ನನ್ನ ಕಾಲಿಗೋ ಗೊತ್ತಿಲ್ಲ. ಕೈಗಳನ್ನು ಮೇಲೆತ್ತಿ ಗಂಟಲು ಹರಿಯುವಂತೆ ಅವಳ ಮೇಲೆಯೇ ಅರಚಿದೆ. ಹತ್ತು ಹೆಜ್ಜೆ ದೂರದಲ್ಲಿ ಅವಳು ಮುಂಗಾಲು ಊರಿ ನಿಂತಳು. ಧೂಳು, ಸಣ್ಣ ಕಲ್ಲುಗಳು ನಮ್ಮ ಮೊಣಕಾಲಿಗೆ ಬಡಿದವು. ಅತ್ತೆ ಕುಸಿದು ಕೂತರು. ನಾನು ಅವರ ಮುಂದೆ ನಿಂತೆ. ಧೈರ್ಯದಿಂದಲ್ಲ, ಅವರು ನನ್ನ ಕೈ ಬಿಟ್ಟಿರಲಿಲ್ಲ.

ಅತ್ತೆ ಕೂತಲ್ಲಿಂದಲೇ ಮಾತಾಡತೊಡಗಿದರು, ಪಕ್ಕದ ಮನೆಯವಳೊಂದಿಗೆ ಬೇಲಿಯ ಮೇಲಿನಿಂದ ಆಡುವ ದನಿಯಲ್ಲಿ.

"ಮುಟ್ಟಿಲ್ಲ ಕಣಮ್ಮ ನಿನ್ನ ಮಕ್ಕಳನ್ನ. ಮೂರೂ ಅಲ್ಲೇ ಮಲಗಿವೆ, ಹೋಗಿ ನೋಡ್ಕೋ. ನಮ್ಮನ್ನ ಬಿಟ್ಬಿಡು."

ಹಿಂದೆ ಹುಲ್ಲಿನಲ್ಲಿ ಬಿಟ್ಟುಬಂದ ಮರಿ ಅತ್ತಿತು. ಸಿಂಹಿಣಿಯ ಕಿವಿ ಹಿಂದಕ್ಕೆ ತಿರುಗಿತು. ನಮ್ಮ ಮೇಲಿನ ಕಣ್ಣು ತೆಗೆಯದೆ ಎರಡು ಹೆಜ್ಜೆ ಹಿಂದೆ ಸರಿದಳು. ಮತ್ತೆ ಅತ್ತಿತು. ಅವಳು ತಿರುಗಿ ಅದರ ಕಡೆ ಓಡಿದಳು. ನಾನು ಅತ್ತೆಯನ್ನು ಕಂಕುಳಿಗೆ ಕೈಹಾಕಿ ಎತ್ತಿದೆ. ಉಳಿದ ದಾರಿಯನ್ನು ಹಿಂದು ಹಿಂದಾಗಿ ನಡೆದೆವು.

ಪಿಕಪ್ಪಿನೊಳಗೆ ಕೂತ ಮೇಲೆ ಕೀಲಿ ಅದರ ತೂತಿಗೆ ಹೋಗಲೊಲ್ಲದು. ಅತ್ತೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು, ಇಬ್ಬರ ಕೈಯೂ ಸೇರಿ ಅದನ್ನು ಒಳಗೆ ಹಾಕಿದವು. ರೇಡಿಯೋ ಸೀಟಿನ ಮೇಲೆ ಮಾತಾಡುತ್ತಿತ್ತು. ನಮ್ಮ ಗೈಡ್ ರೂಲೋಫ್, ಸಂಜೆಯ ಸುತ್ತಿಗೆ ತೋರಿಸಲು ಯಾರಿಗಾದರೂ ಏನಾದರೂ ಕಂಡಿದೆಯೇ ಎಂದು ಎಲ್ಲರನ್ನೂ ಕೇಳುತ್ತಿದ್ದ. ನಾನು ಗುಂಡಿ ಒತ್ತಿ ಹಿಡಿದೆ. ನ್ಕಾಯಾ ಹೊಂಡದ ಓಣಿಯಲ್ಲಿ ಒಂದು ಸಿಂಹಿಣಿ, ನಾಲ್ಕು ಮರಿ, ಯಾರೂ ಹತ್ತಿರ ಬರಬೇಡಿ ಎಂದೆ. ಅವನು ಖುಷಿಯಿಂದ ಏನೋ ಹೇಳಿದ. ನಮ್ಮ ಹಿರಿಯ ಜಾಡುಗಾರ, ನನಗೆ ಕಲಿಸುತ್ತಿದ್ದ ಮುದುಕ ಹ್ಲುಪೆಕಾ ಅದನ್ನು ಕೇಳಿಸಿಕೊಂಡಿದ್ದ. ನಡುವೆ ಬಂದು, ಎಷ್ಟು ದೂರದಿಂದ ನೋಡಿದೆ ಮಗಳೇ ಎಂದು ಮೆಲ್ಲಗೆ ಕೇಳಿದ. ನಾನು ರೇಡಿಯೋವನ್ನು ಅತ್ತೆಯ ಮಡಿಲಿಗೆ ಹಾಕಿ ಗಾಡಿ ಹೊರಡಿಸಿದೆ.

ಅಂದು ಸಂಜೆ ಮೂರು ಗಾಡಿಗಳು ಆಚೆ ದಡದಲ್ಲಿ ನಿಂತವು, ಬಾಗಿಲಿಲ್ಲದ ಕೋಣೆಗೆ ಸೇರಿಕೊಂಡಿದ್ದ ಮರಿಗಳನ್ನು ಅತಿಥಿಗಳು ದೂರದಿಂದಲೇ ದುರ್ಬೀನಿನಲ್ಲಿ ಕಿಂಡಿಯ ಸರಳುಗಳ ಹಿಂದೆ ಕಂಡು ಕುಣಿದಾಡಿದರಂತೆ. ಅತ್ತೆಗೆ ಮೂರು ದಿನ ಜ್ವರ. ಮೆಕ್ಕೆಜೋಳದ ಮುದ್ದೆಯನ್ನು ನಾನು ಬಾಯಿಗಿಟ್ಟರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಗುಂಡಿಮನೆಯ ಕಡೆ ಯಾರೂ ಹೋಗಕೂಡದೆಂದು ಆಜ್ಞೆಯಾಯಿತು. ಮ್ಯಾನೇಜರು ವಿಚಾರಣೆಗೆ ಕರೆದಾಗ, ರೇಡಿಯೋ ಬಿಟ್ಟುಹೋದದ್ದನ್ನೂ ಹೆಜ್ಜೆಯನ್ನು ಅರ್ಧ ಮಾತ್ರ ಓದಿದ್ದನ್ನೂ ನಾನೇ ಹೇಳಿದೆ. ಅವಳನ್ನು ಅವಸರಪಡಿಸಿದ್ದು ನಾನು ಎಂದು ಅತ್ತೆ ಕುರ್ಚಿಯಿಂದೆದ್ದು ಹೇಳಿದರು. ನನ್ನನ್ನು ಒಂದು ತಿಂಗಳು ಜೀಪಿನ ಕುರ್ಚಿಯಿಂದ ಇಳಿಸಿದರು. ಅತ್ತೆ ಬಟ್ಟೆ ಒಗೆಯುವ ವಿಭಾಗಕ್ಕೆ ಕೇಳಿ ಹೋದರು. ಗೆಜಾನಿ ಬಂದಾಗ ನನ್ನ ಕೆಲಸದ ಮಾತು ತೆಗೆದವನು ಅವನೇ. ಬಿಟ್ಟುಬಿಡು ಎಂದ. ಅವಳನ್ನು ಕೇಳದೆ ತೀರ್ಮಾನ ಮಾಡಬೇಡ ಎಂದು ಅತ್ತೆ ಒಳಗಿನಿಂದಲೇ ಅಂದರು.

ನಾನು ಬಿಡಲಿಲ್ಲ. ತಿಂಗಳು ಕಳೆದು ಮತ್ತೆ ಕುರ್ಚಿ ಹತ್ತಿದ ಬೆಳಗ್ಗೆ ಕಬ್ಬಿಣದ ಸರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಗೆರೆ ಬಿದ್ದಿತ್ತು. ಪೊದೆ ಅಲುಗಿದರೆ ಇಳಿಬಿಟ್ಟ ಕಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ. ಮೂರೂವರೆ ಗಂಟೆ ಸುತ್ತಿದೆವು. ಜಿರಾಫೆಗಳು ಕಂಡವು, ಒಂದಷ್ಟು ಜೀಬ್ರಾ ಕಂಡವು, ಸಿಂಹ ಒಂದೂ ಕಾಣಲಿಲ್ಲ. ಅತಿಥಿಗಳು ಪೆಚ್ಚುಮೋರೆ ಹಾಕಿಕೊಂಡು ಇಳಿದರು. ಸಿಂಹ ಕಾಣದಿದ್ದುದರ ನಿರಾಳ ನನ್ನ ಮುಖದಲ್ಲಿ ಅವರಿಗೆ ತಿಳಿಯದಿರಲಿ ಎಂದು ನಾನು ಜೀಪಿನ ಹಿಂದೆ ಹೋಗಿ ನೆಲದ ಮೇಲೆ ಕೂತುಕೊಂಡೆ.